ಆನೆ ಕಡಿಮೆ ಆಗಿದ್ಯಾ ಜಾಸ್ತಿ ಆಗಿದ್ಯಾ? ಸರ್ವೆ ಲೆಕ್ಕಕ್ಕೂ ಕೊಡಗಿನ ತೋಟದ ಮಾತಿಗೂ ಯಾಕೆ ತಾಳೆ ಆಗಲ್ಲ

2025ರ ಅಕ್ಟೋಬರಲ್ಲಿ ದೇಶದ ಆನೆಗಳ ಹೊಸ ಲೆಕ್ಕ ಹೊರಗೆ ಬಂತು. ಒಟ್ಟು 22,446, ಅದ್ರಲ್ಲಿ ಕರ್ನಾಟಕದ್ದು 6,013, ರಾಜ್ಯಗಳ ಪೈಕಿ ನಮ್ದೇ ಜಾಸ್ತಿ. ಸರಿ, ಆದ್ರೆ 2023ರ ಮೇ ತಿಂಗಳಲ್ಲಿ ಕರ್ನಾಟಕ ಅರಣ್ಯ ಇಲಾಖೆ ಮಾಡಿದ ಗಣತಿ 6,395 ಅಂದಿತ್ತು, 2017ರದ್ದು 6,049 ಅಂದಿತ್ತು. ಹಾಗಾದ್ರೆ ನಡುವೆ 382 ಆನೆ ಎಲ್ಲಿ ಹೋದ್ವು ಅನ್ನೋದು ಒಂದು ಗೊಂದಲ. ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು: ಕೊಡಗಿನ ಸಿದ್ದಾಪುರ, ಮಾಲ್ದಾರೆ, ತಿತಿಮತಿ, ಬಾಳೆಲೆ ಕಡೆ ಯಾರನ್ನ ಬೇಕಾದ್ರೂ ಕೇಳಿ ನೋಡಿ, ಆನೆ ಕಡಿಮೆ ಆಗಿದೆ ಅನ್ನೋರು ಸಿಗೋದೇ ಕಷ್ಟ, ಮೊದ್ಲು ವರ್ಷಕ್ಕೊಂದ್ಸಲ ಹಲಸಿನ ಕಾಲಕ್ಕೆ ಬರ್ತಿದ್ದವು ಈಗ ತೋಟದಲ್ಲೇ ಬಿಡಾರ ಹೂಡಿವೆ ಅಂತಾರೆ.

ಇದ್ರಿಂದ ಎರಡು ಪಾರ್ಟಿ ಆಗಿದೆ. ಒಂದು ಪಾರ್ಟಿ ಹೇಳೋದು, ಬೆಳೆಗಾರ್ರ ಮಾತು ಬರೀ ಅನುಭವ, ಡೇಟಾ ಅಲ್ಲ, ವಿಜ್ಞಾನ ಏನು ಹೇಳುತ್ತೋ ಅದೇ ಸತ್ಯ. ಇನ್ನೊಂದು ಪಾರ್ಟಿ ಹೇಳೋದು, ಎಸಿ ರೂಮಲ್ಲಿ ಕೂತು ಲೆಕ್ಕ ಬರೆಯೋರಿಗೆ ಏನು ಗೊತ್ತು, ಬಂದು ಒಂದು ರಾತ್ರಿ ತೋಟದ ಕೆಲಸದವರ ಲೈನ್‌ಮನೆಯಲ್ಲಿ ಮಲಗಲಿ ನೋಡೋಣ. ಎರಡೂ ಕಡೆಯವರು ಒಂದೇ ತಪ್ಪು ಮಾಡ್ತಿದ್ದಾರೆ ಅನ್ಸುತ್ತೆ. ಸಂಶೋಧನೆಯಲ್ಲಿ ಪರಿಮಾಣಾತ್ಮಕ ವಿಧಾನ, ಗುಣಾತ್ಮಕ ವಿಧಾನ ಅಂತ ಎರಡು ದಾರಿ ಇದೆ, ಆಡುಮಾತಲ್ಲಿ ಕ್ವಾಂಟಿಟೇಟಿವ್, ಕ್ವಾಲಿಟೇಟಿವ್. ಒಂದು ಎಷ್ಟು ಅಂತ ಕೇಳುತ್ತೆ, ಇನ್ನೊಂದು ಹೇಗೆ ಮತ್ತು ಯಾಕೆ ಅಂತ ಕೇಳುತ್ತೆ. ಎಷ್ಟು ಅನ್ನೋ ಪ್ರಶ್ನೆಗೆ ಬಂದ ಉತ್ತರ ತಗೊಂಡು ಯಾಕೆ ಅನ್ನೋರ ಬಾಯಿ ಮುಚ್ಚಿಸೋಕೆ ಹೋದ್ರೆ, ಅಥವಾ ಉಲ್ಟಾ ಮಾಡಿದ್ರೆ, ಈಗ ಆಗ್ತಿರೋ ಥರದ ಜಗಳ ಆಗುತ್ತೆ.

ಲದ್ದಿಯಿಂದ ಲೆಕ್ಕ

ಮೊದ್ಲು 22,446 ಹೇಗೆ ಬಂತು ನೋಡೋಣ. ಇಷ್ಟು ಆನೆಯನ್ನ ಯಾರೂ ಕಣ್ಣಲ್ಲಿ ನೋಡಿ ಎಣಿಸಿಲ್ಲ. ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯವರು ರಾಜ್ಯಗಳ ಅರಣ್ಯ ಇಲಾಖೆ ಜೊತೆ ಸೇರಿ 2021ರಿಂದ ಮಾಡಿದ ಕೆಲಸ ಇದು. ಸಿಬ್ಬಂದಿ ಕಾಡಲ್ಲಿ ನಡೆದಿದ್ದೇ ಆರೂವರೆ ಲಕ್ಷ ಕಿಲೋಮೀಟರಿಗಿಂತ ಜಾಸ್ತಿ. ದಾರಿಯಲ್ಲಿ ಸಿಕ್ಕ ಲದ್ದಿಯಿಂದ ಸ್ಯಾಂಪಲ್ ತೆಗೆದಿದ್ದಾರೆ, ಒಟ್ಟು 21,056 ಸ್ಯಾಂಪಲ್. ಹಸಿ ಲದ್ದಿಯ ಮೇಲ್ಪದರದ ಲೋಳೆಯಲ್ಲಿ ಆನೆಯ ಕರುಳಿನ ಜೀವಕೋಶ ಅಂಟಿಕೊಂಡಿರುತ್ತೆ, ಅದ್ರಿಂದ ಡಿಎನ್‌ಎ ತೆಗೆದು ಇದು ಯಾವ ಆನೆ ಅಂತ ಗುರುತು ಹಿಡೀಬಹುದು. ಹಾಗೆ ಬೇರೆಬೇರೆ ಅಂತ ಗುರುತು ಸಿಕ್ಕಿದ್ದು 4,065 ಆನೆ.

4,065 ಸಿಕ್ಕಿ 22,446 ಅಂತ ಹೇಳೋದು ಹೇಗೆ? ಇಲ್ಲೇ ಬಹಳ ಜನ ಮುಗ್ಗರಿಸೋದು, ಸ್ವಲ್ಪ ನಿಧಾನ ಹೋಗೋಣ. ಒಂದು ಕಾಡಲ್ಲಿ ಮೊದಲ ಸುತ್ತು ನಡೆದಾಗ ಲದ್ದಿಯಿಂದ 40 ಬೇರೆಬೇರೆ ಆನೆ ಗುರುತಾಯ್ತು ಅಂತ ಇಟ್ಕೊಳ್ಳಿ. ಎರಡನೇ ಸುತ್ತಲ್ಲಿ 50 ಆನೆ ಗುರುತಾಯ್ತು, ಅದ್ರಲ್ಲಿ 20 ಮೊದಲ ಸುತ್ತಲ್ಲಿ ಸಿಕ್ಕಿದ್ದೇ. ಅಂದ್ರೆ ಎರಡನೇ ಸುತ್ತಲ್ಲಿ ಸಿಕ್ಕವುಗಳಲ್ಲಿ ಐದಕ್ಕೆ ಎರಡು ಹಳೇ ಗಿರಾಕಿ, ಹಾಗಾದ್ರೆ ಮೊದಲು ಗುರುತಾದ 40 ಅನ್ನೋದು ಇಡೀ ಕಾಡಿನ ಐದನೇ ಎರಡು ಭಾಗ ಇರಬೇಕು, ಕಾಡಲ್ಲಿ ಸುಮಾರು 100 ಆನೆ ಇದೆ. ಹಳೇವೇ ಮತ್ತೆಮತ್ತೆ ಸಿಗ್ತಿದ್ರೆ ಕಾಡಲ್ಲಿ ಆನೆ ಕಡಿಮೆ, ಪ್ರತೀ ಸಲ ಹೊಸವೇ ಸಿಗ್ತಿದ್ರೆ ಜಾಸ್ತಿ. ನಿಜವಾದ ಲೆಕ್ಕ ಇದಕ್ಕಿಂತ ಎಷ್ಟೋ ಜಟಿಲ, ಯಾವ ಜಾಗದಲ್ಲಿ ಸಿಕ್ತು, ಕಾಡು ಎಂಥದ್ದು, ಹತ್ರ ಜನ ಎಷ್ಟಿದ್ದಾರೆ ಎಲ್ಲಾ ಸೇರುತ್ತೆ, ಆದ್ರೆ ಒಳಗಿನ ತರ್ಕ ಇದೇ.

ಹೀಗೆ ಬಂದ ಸಂಖ್ಯೆಗೆ ಯಾವಾಗ್ಲೂ ಒಂದು ಹಿಂದುಮುಂದು ಇರುತ್ತೆ. ಈ ವರದಿಯಲ್ಲೂ ಇದೆ, 18,255ರಿಂದ 26,645ರ ಒಳಗೆ ಎಲ್ಲೋ ಇರಬಹುದು ಅಂತ. ಪೇಪರ್ ಹೆಡ್‌ಲೈನಲ್ಲಿ ಈ ರೇಂಜ್ ಬರಲ್ಲ, ನಡುವಿನ ಒಂದು ನಂಬರ್ ಮಾತ್ರ ಬರುತ್ತೆ. ರಾಜ್ಯದ ಲೆಕ್ಕಕ್ಕೂ ಇಂಥದ್ದೇ ಹಿಂದುಮುಂದು ಇರೋದ್ರಿಂದ 6,395ರಿಂದ 6,013 ಕಳೆದು 382 ಆನೆ ಕಾಣೆ ಅಂತ ಬೊಬ್ಬೆ ಹೊಡೆಯೋದ್ರಲ್ಲಿ ಅರ್ಥ ಇಲ್ಲ.

ಅದಕ್ಕಿಂತ ಮುಖ್ಯ ಕಾರಣ ಇನ್ನೊಂದಿದೆ. 2023ರ ಗಣತಿ ಬೇರೆ ವಿಧಾನದ್ದು. ಮೂರು ದಿನ, ಮೊದಲ ದಿನ ಬ್ಲಾಕ್‌ಗಳಲ್ಲಿ ನಡೆದು ಕಣ್ಣಿಗೆ ಕಂಡದ್ದನ್ನ ಎಣಿಸೋದು, ಎರಡನೇ ದಿನ ನೇರ ಗೆರೆಯಲ್ಲಿ ನಡೆದು ಲದ್ದಿ ಎಣಿಸೋದು, ಮೂರನೇ ದಿನ ಕೆರೆ ಹತ್ರ ಕಾದು ಕೂರೋದು. ದೇಶದ 2017ರ ಲೆಕ್ಕವೂ ಡಿಎನ್‌ಎ ಅಲ್ಲ, ಆಗ 27,312 ಅಂದಿದ್ರು. ಹಾಗಾಗಿ ಹೊಸ ವರದಿಯವರೇ ಹೇಳಿದ್ದಾರೆ, ಹಳೇದರ ಜೊತೆ ಹೋಲಿಸಬೇಡಿ, ಇದನ್ನ ಹೊಸ ಆರಂಭ ಅಂತ ಇಟ್ಕೊಳ್ಳಿ ಅಂತ. ಅಳತೆ ಕೋಲೇ ಬದಲಾದ ಮೇಲೆ ಉದ್ದ ಕಡಿಮೆ ಆಯ್ತು ಅನ್ನೋಕೆ ಬರಲ್ಲ. ಆದ್ರೂ ದೇಶದಲ್ಲಿ ಆನೆ ಶೇಕಡ 18ರಷ್ಟು ಇಳಿಕೆ ಅಂತ ಸುದ್ದಿ ಓಡಿತು, ಓಡೋದೇ ಅಂಥ ಸುದ್ದಿ.

ಇಷ್ಟರ ಮೇಲೆ ಕೊಡಗಿನವರು ಕೇಳಬೇಕಾದ ಪ್ರಶ್ನೆ ಬೇರೆ ಇದೆ. 6,013 ಅನ್ನೋದು ಇಡೀ ರಾಜ್ಯದ ಸಂಖ್ಯೆ. ಬಂಡೀಪುರದಿಂದ ಭದ್ರಾವರೆಗೆ ಎಲ್ಲಾ ಸೇರಿದೆ. ಅಮ್ಮತ್ತಿ ಹೋಬಳಿಯಲ್ಲಿ ಹೋದ ಹತ್ತು ವರ್ಷದಲ್ಲಿ ಏನಾಯ್ತು ಅನ್ನೋದಕ್ಕೆ ಆ ಸಂಖ್ಯೆ ಉತ್ತರ ಕೊಡಲ್ಲ, ಕೊಡೋಕೆ ಹೊರಟಿದ್ದೂ ಅಲ್ಲ.

ತೋಟದವರು ಎಣಿಸ್ತಿರೋದು ಏನನ್ನ

ಈಗ ಆ ಕಡೆ ಬರೋಣ. ಬೆಳೆಗಾರ ಆನೆ ಜಾಸ್ತಿ ಆಗಿದೆ ಅಂದಾಗ ಅವರು ಹೇಳ್ತಿರೋದು ಆನೆಯ ತಲೆ ಲೆಕ್ಕ ಅಲ್ಲ, ಆನೆ ಎದುರಾಗೋ ಲೆಕ್ಕ. ಎರಡೂ ಬೇರೆ. ಒಂದೇ ಒಂದು ಒಂಟಿ ಸಲಗ ರಾತ್ರಿ ಐದಾರು ತೋಟ ದಾಟಿ ಹೋದ್ರೆ ಬೆಳಿಗ್ಗೆ ಐದಾರು ಕಡೆಯಿಂದ ಆನೆ ಬಂತು ಅಂತ ಫೋನ್ ಹೋಗುತ್ತೆ. ಕಾಡಲ್ಲಿ ಆನೆ ಅಷ್ಟೇ ಇದ್ದು, ಅವು ಕಾಡಲ್ಲಿ ಕಳೆಯೋ ದಿನ ಕಡಿಮೆ ಆಗಿ ತೋಟದಲ್ಲಿ ಕಳೆಯೋ ದಿನ ಜಾಸ್ತಿ ಆದ್ರೆ ಸಾಕು, ತೋಟದವರಿಗೆ ಆನೆ ದುಪ್ಪಟ್ಟಾದ ಹಾಗೆ. ಕಾಡೊಳಗೆ ಲಂಟಾನ ಅನ್ನೋ ಕಳೆ ಗಿಡ ತುಂಬಿ ಹುಲ್ಲು ಹೋಗಿದೆ, ತೋಟದಲ್ಲಿ ನೆರಳಿದೆ, ಬೇಸಿಗೆಯಲ್ಲೂ ಕೆರೆ ತುಂಬಾ ನೀರಿದೆ, ಹಲಸಿದೆ, ಬಾಳೆ ಇದೆ, ಗದ್ದೆಯಲ್ಲಿ ಭತ್ತ ಇದೆ, ಆನೆ ಯಾಕೆ ಬರಲ್ಲ ಹೇಳಿ.

ಅಂದ್ರೆ ಸಂಖ್ಯೆ ಇಳಿದಿದ್ರೂ ತೊಂದರೆ ಏರಬಹುದು, ಎರಡೂ ಒಟ್ಟಿಗೆ ನಿಜ ಆಗೋಕೆ ಯಾವ ಅಡ್ಡಿನೂ ಇಲ್ಲ.

ಫಾರಂ ಕೇಳೋ ಪ್ರಶ್ನೆ, ಮಾತು ತೆಗೆಯೋ ಉತ್ತರ

ಹಾಗಾದ್ರೆ ತೋಟದ ತೊಂದರೆಯನ್ನೇ ಅಳೆಯೋಣ ಅಂತ ಹೊರಟ್ರೆ ಮತ್ತೆ ಎರಡು ದಾರಿ. ಒಬ್ಬ ಸಂಶೋಧಕ ಫಾರಂ ಹಿಡ್ಕೊಂಡು 300 ಮನೆಗೆ ಹೋಗ್ತಾನೆ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಆನೆ ಬಂತು, ಎಷ್ಟು ಗಿಡ ಹೋಯ್ತು, ಆನೆ ಬಗ್ಗೆ ನಿಮ್ಮ ಭಯ ಒಂದರಿಂದ ಐದರೊಳಗೆ ಎಷ್ಟು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ಕ್ರಮ. ಮನೆಗಳನ್ನೂ ಪರಿಚಯದವರು ಅಂತ ಆರಿಸಲ್ಲ, ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಆರಿಸ್ತಾನೆ. ಇದ್ರ ಲಾಭ ಏನಂದ್ರೆ ವಿರಾಜಪೇಟೆ ತಾಲೂಕನ್ನ ಸೋಮವಾರಪೇಟೆ ಜೊತೆ ಹೋಲಿಸಬಹುದು, ಸೋಲಾರ್ ಬೇಲಿ ಇರೋ ತೋಟವನ್ನ ಇಲ್ಲದ ತೋಟದ ಜೊತೆ ಹೋಲಿಸಬಹುದು, 300 ಮನೆ ನೋಡಿ ಇಡೀ ತಾಲೂಕಿನ ಬಗ್ಗೆ ಇಷ್ಟು ಹಿಂದುಮುಂದಿನಲ್ಲಿ ಹೀಗೆ ಅನ್ನಬಹುದು. ನಷ್ಟ ಏನಂದ್ರೆ ಫಾರಂನಲ್ಲಿ ಇಲ್ಲದ ಪ್ರಶ್ನೆಗೆ ಉತ್ತರ ಬರೋದೇ ಇಲ್ಲ.

ಇನ್ನೊಬ್ಬ ಸಂಶೋಧಕಿ 20 ಜನರ ಹತ್ರ ಹೋಗ್ತಾಳೆ ಅಂತ ಇಟ್ಕೊಳ್ಳಿ. ಫಾರಂ ಇಲ್ಲ. ಲೈನ್‌ಮನೆ ಮುಂದೆ ಕೂತು ಅಲ್ಲಿರೋ ಒಬ್ಬ ಹೆಂಗಸನ್ನ ಕೇಳ್ತಾಳೆ, ಆನೆ ಇದೆ ಅಂತ ಮೆಸೇಜ್ ಬಂದ ದಿನ ಏನ್ಮಾಡ್ತೀರಕ್ಕಾ? ಆಗ ಬರೋ ಉತ್ತರ ಈ ಥರದ್ದು: ಅವತ್ತು ಮಗುನ ಸ್ಕೂಲಿಗೆ ಕಳ್ಸಲ್ಲ, ಬಸ್ ಸ್ಟಾಪ್‌ವರೆಗೆ ತೋಟದೊಳಗೇ ನಡೀಬೇಕಲ್ಲ, ಕೆಲಸಕ್ಕೆ ಬಿಸಿಲು ಬಂದ ಮೇಲೆ ಹೋಗ್ತೀವಿ, ರೈಟರ್ (ತೋಟದ ಹಾಜರಿ ಬರೆಯೋರು) ಅರ್ಧ ದಿನ ಹಾಕ್ತಾರೆ, ಸಂಜೆ ಅಂಗಡಿಗೆ ಹೋಗಲ್ಲ, ಇದ್ದಿದ್ರಲ್ಲೇ ಅಡಿಗೆ. ಈ ಉತ್ತರದಲ್ಲಿ ಆನೆ ಒಂದು ಗಿಡನೂ ಮುರಿದಿಲ್ಲ, ಮೊದಲನೆಯವನ ಫಾರಂನಲ್ಲಿ ಇದು ಸೊನ್ನೆ ನಷ್ಟ. ಆದ್ರೆ ಸಂಬಳ ಹೋಯ್ತು, ಸ್ಕೂಲ್ ಹೋಯ್ತು. ಈ ನಷ್ಟ ಇದೆ ಅಂತಾನೇ ಫಾರಂ ಬರೆದವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲದ್ದನ್ನ ಕಾಲಂ ಮಾಡೋಕೆ ಆಗಲ್ಲ.

ಗುಣಾತ್ಮಕ ಅಂದ್ರೆ ನಾಲ್ಕು ಜನರ ಜೊತೆ ಕಾಫಿ ಕುಡಿದು ಹರಟೆ ಹೊಡೆದು ಬರೆಯೋದು ಅಂತ ತಿಳ್ಕೊಂಡೋರು ಬಹಳ ಇದ್ದಾರೆ, ಪಿಎಚ್‌ಡಿ ಮಾಡೋ ಹುಡುಗ್ರಲ್ಲೂ. ಅದಕ್ಕೂ ಕಟ್ಟುಪಾಡಿದೆ. ಮಾತನ್ನ ರೆಕಾರ್ಡ್ ಮಾಡಿ ಪೂರ್ತಿ ಬರೆದುಕೊಳ್ಳೋದು, ಸಾಲುಸಾಲು ಓದಿ ಏನು ವಿಷಯ ಮತ್ತೆಮತ್ತೆ ಬರ್ತಿದೆ ಅಂತ ಗುರುತು ಹಾಕೋದು, ತನ್ನ ವಾದಕ್ಕೆ ಒಪ್ಪದ ಮಾತು ಹುಡುಕಿಕೊಂಡು ಹೋಗೋದು, ಹೊಸಬ್ರನ್ನ ಮಾತಾಡಿಸಿದ್ರೂ ಹೊಸ ವಿಷಯ ಬರ್ತಿಲ್ಲ ಅನ್ನೋವರೆಗೆ ನಿಲ್ಲಿಸದೆ ಇರೋದು. 20 ಜನ ಸಾಕು ಅನ್ನೋದು ಈ ಕೊನೆಯ ಲೆಕ್ಕದಿಂದ ಬರೋದು, ಸೋಮಾರಿತನದಿಂದ ಅಲ್ಲ.

ಕೊಡಗಿಗೆ ಇದು ಹೊಸದೂ ಅಲ್ಲ. ಮೈಸೂರಿನ ಎಂ.ಎನ್. ಶ್ರೀನಿವಾಸ್ ಕೊಡವರ ಬಗ್ಗೆ ಮಾಡಿದ ಅಧ್ಯಯನ 1952ರಲ್ಲಿ ಪ್ರಕಟ ಆಯ್ತು, ಭಾರತದ ಸಮಾಜಶಾಸ್ತ್ರದಲ್ಲಿ ಇವತ್ತಿಗೂ ಓದಿಸ್ತಾರೆ. ಸೆನ್ಸಸ್ಸಲ್ಲಿ ಕೊಡವರ ತಲೆ ಎಣಿಸೋದು ಬ್ರಿಟಿಷರ ಕಾಲದಿಂದ್ಲೇ ಇತ್ತು, ಆದ್ರೆ ಒಕ್ಕ, ಅಂದ್ರೆ ಕೊಡವರ ಕೂಡು ಮನೆತನ, ಹೇಗೆ ನಡೆಯುತ್ತೆ, ಹಬ್ಬ ಆಚರಣೆಗಳು ಮನೆತನವನ್ನ ಊರನ್ನ ಹೇಗೆ ಕಟ್ಟಿ ಹಿಡಿಯುತ್ತೆ ಅನ್ನೋದು ಆ ಟೇಬಲ್‌ಗಳಲ್ಲಿ ಇರಲಿಲ್ಲ. ಕೆಳಗಿನ ಜಾತಿಯವರು ಮೇಲಿನವರ ಆಚಾರ ಅನುಸರಿಸಿ ಮೇಲೇರೋಕೆ ನೋಡೋದು, ಅಂದ್ರೆ ಸಂಸ್ಕೃತೀಕರಣ ಅನ್ನೋ ಪರಿಕಲ್ಪನೆ ಚರ್ಚೆಗೆ ಬಂದಿದ್ದೂ ಆ ಕೆಲಸದಿಂದ.

ಮಾತು ಎಲ್ಲಿ ಕೈಕೊಡುತ್ತೆ

ಹಾಗಂತ ಜನ ಹೇಳಿದ್ದೆಲ್ಲಾ ವೇದವಾಕ್ಯ ಅಂತಲೂ ಅಲ್ಲ. ಮನುಷ್ಯರ ನೆನಪಿಗೆ ಒಂದು ಚಾಳಿ ಇದೆ, ದೊಡ್ಡ ಘಟನೆ ಹತ್ತಿರದಲ್ಲೇ ಆದ ಹಾಗೆ ಕಾಣುತ್ತೆ. ಪಕ್ಕದ ತೋಟದಲ್ಲಿ ಒಬ್ಬರನ್ನ ಆನೆ ತುಳಿದಿದ್ರೆ ಆ ವರ್ಷ ಆನೆ ಬಂದ ದಿನಗಳೆಲ್ಲಾ ಜಾಸ್ತಿ ಲೆಕ್ಕ ಆಗುತ್ತೆ, ಬರದ ದಿನ ಯಾರೂ ನೆನಪಿಟ್ಕೊಳ್ಳಲ್ಲ. ಸಾಹುಕಾರ್ರು ಪಕ್ಕದಲ್ಲಿ ನಿಂತಿರೋವಾಗ ಆಳುಗಳ ಬಾಯಲ್ಲಿ ಬರೋ ಮಾತು ಬೇರೆ, ಇಲ್ಲದಾಗ ಬೇರೆ. ಪರಿಹಾರ ಸಿಗಬಹುದು ಅನ್ನೋ ಆಸೆ ಇದ್ರೆ ನಷ್ಟ ಸ್ವಲ್ಪ ಉಬ್ಬುತ್ತೆ, ಅರಣ್ಯ ಇಲಾಖೆ ಜೀಪಲ್ಲಿ ಬಂದು ಕೇಳಿದ್ರಂತೂ ಏನು ಬರುತ್ತೆ ಅಂತ ಹೇಳೋದೇ ಬೇಡ. ಸಂಶೋಧಕರೂ ಸಾಚಾ ಅಲ್ಲ, ಆನೆ ಕಾಟ ಜಾಸ್ತಿ ಆಗಿದೆ ಅಲ್ವಾ ಅಂತ ಕೇಳಿದ್ರೆ ಹೌದು ಅಂತಾನೇ ಉತ್ತರ ಬರೋದು.

ಇನ್ನು, 20 ಜನರ ಮಾತಿಂದ ಹೀಗೂ ಆಗ್ತಿದೆ ಅಂತ ಗೊತ್ತಾಗುತ್ತೆ, ಎಷ್ಟು ಜನರಿಗೆ ಆಗ್ತಿದೆ ಅಂತ ಗೊತ್ತಾಗಲ್ಲ. ಅದನ್ನ ಎಣಿಸಿಯೇ ತಿಳೀಬೇಕು.

ಅರ್ಜಿ ಎಣಿಸಿದ್ರೆ ಕಷ್ಟ ಎಣಿಸಿದ ಹಾಗಾ?

ಎಣಿಸೋದು ಅಂದ ಕೂಡ್ಲೆ ಸರ್ಕಾರಕ್ಕೆ ಸುಲಭವಾಗಿ ಕೈಗೆ ಸಿಗೋದು ಪರಿಹಾರದ ಅರ್ಜಿ. ಬೆಳೆ ನಷ್ಟಕ್ಕೆ ಎಷ್ಟು ಅರ್ಜಿ ಬಂತು, ಎಷ್ಟು ಹಣ ಕೊಟ್ಟೆವು, ಹಿಂದಿನ ವರ್ಷಕ್ಕಿಂತ ಏರಿದ್ಯಾ ಇಳಿದಿದ್ಯಾ. ನೋಡೋಕೆ ಪಕ್ಕಾ ನಂಬರ್. ಆದ್ರೆ ಅದು ಅಳೀತಿರೋದು ಆನೆ ತೊಂದರೆಯನ್ನಲ್ಲ, ಅರ್ಜಿ ಹಾಕೋಕೆ ಆದವರನ್ನ.

ಅರ್ಜಿಗೆ ಜಮೀನಿನ ದಾಖಲೆ ಬೇಕು, ಫೋಟೋ ಬೇಕು, ಬ್ಯಾಂಕ್ ಖಾತೆ ಬೇಕು. ಕೊಡಗಲ್ಲಿ ಜಮ್ಮಾ ಬಾಣೆ, ಅಂದ್ರೆ ವಂಶಪಾರಂಪರ್ಯವಾಗಿ ಬಂದ ಜಾಗದ ಪಹಣಿ ಇನ್ನೂ ತೀರಿಹೋದ ಹಿರಿಯರ ಹೆಸರಲ್ಲಿ, ಹತ್ತಾರು ಪಾಲುದಾರರ ಜಂಟಿ ಹೆಸರಲ್ಲಿ ಇರೋದು ಗೊತ್ತಿರೋ ವಿಷಯ. ಪೈಸಾರಿ, ಅಂದ್ರೆ ಸರ್ಕಾರಿ ಜಾಗದಲ್ಲಿ ನಾಲ್ಕು ಬಾಳೆ ನೆಟ್ಟವನಿಗೆ ಪಹಣಿನೇ ಇಲ್ಲ. ಲೈನ್‌ಮನೆಯವರಿಗೆ, ಹಾಡಿಯ (ಆದಿವಾಸಿ ಕೇರಿಯ) ಯರವರು ಜೇನುಕುರುಬರಲ್ಲಿ ಬಹಳ ಜನರಿಗೆ ಜಮೀನೇ ಇಲ್ಲ, ಆದ್ರೆ ಬೆಳಿಗ್ಗೆ ಎದ್ದು ಮಂಜಲ್ಲಿ ತೋಟದೊಳಗೆ ನಡೆದು ಆನೆಗೆ ಎದುರಾಗೋರು ಮೊದ್ಲು ಅವರೇ. ಇವರೆಲ್ಲಾ ಆ ಲೆಕ್ಕದ ಹೊರಗೆ. ಉಳಿದವರಲ್ಲೂ ಎರಡು ಕಾಫಿ ಗಿಡ ಮುರೀತು ಅಂತ ಯಾರು ಓಡಾಡ್ತಾರೆ ಅಂತ ಸುಮ್ಮನಾಗೋರು ಎಷ್ಟೋ.

ಇದ್ರ ಉಲ್ಟಾನೂ ಆಗುತ್ತೆ. ಆನ್‌ಲೈನಲ್ಲಿ ಅರ್ಜಿ ಹಾಕೋ ವ್ಯವಸ್ಥೆ ಬಂದು ಸುಲಭ ಆದ ವರ್ಷ ಅರ್ಜಿ ಏರುತ್ತೆ, ಪರಿಹಾರದ ದರ ಏರಿಸಿದ ವರ್ಷವೂ ಏರುತ್ತೆ, ಆನೆ ಅಷ್ಟೇ ಇದ್ರೂ. ಗ್ರಾಫ್ ಮಾತ್ರ ನೋಡೋರು ಸಂಘರ್ಷ ಹೆಚ್ಚಳ ಅಂತ ಬರೀತಾರೆ.

ಈ ತಪ್ಪು ಹಿಡಿಯೋದು ಇನ್ನಷ್ಟು ಗಣಿತ ಮಾಡಿ ಅಲ್ಲ. ಅರ್ಜಿ ಯಾಕೆ ಹಾಕಲಿಲ್ಲ ಅಂತ ಹೋಗಿ ಕೇಳಬೇಕು. ಮಾತಿನ ಸಂಶೋಧನೆ ಸಂಖ್ಯೆಗೆ ಸಹಾಯ ಮಾಡೋ ಜಾಗ ಇದೇ, ಈ ನಂಬರ್ ನಿಜವಾಗ್ಲೂ ಏನನ್ನ ಅಳೀತಿದೆ ಅಂತ ಪರೀಕ್ಷೆ ಮಾಡೋದು.

ಎರಡೂ ಸೇರಿಸಿದ ಒಂದು ಕೆಲಸ

ಕೊಡಗಿನದ್ದೇ ಒಂದು ಒಳ್ಳೆ ಉದಾಹರಣೆ ಇದೆ. 2007ರ ಮೇ ತಿಂಗಳಲ್ಲಿ ಶುರುವಾಗಿ 2011ರಲ್ಲಿ ಪ್ರಕಟ ಆದ ಒಂದು ಅಧ್ಯಯನ, ಆನೆಗಳಿಗೂ ಕಾಫಿ ಇಷ್ಟ ಅನ್ನೋ ಅರ್ಥದ ತಲೆಬರಹ. ಸಂಘರ್ಷ ಎಲ್ಲೆಲ್ಲಿ ಯಾವಾಗ ಅಂತ ಮ್ಯಾಪ್ ಹಾಕಿದ್ರು, ತೋಟದ ಲಕ್ಷಣಕ್ಕೂ ಆನೆ ಬರೋದಕ್ಕೂ ಸಂಬಂಧ ಇದ್ಯಾ ಅಂತ ಲೆಕ್ಕ ಹಾಕಿದ್ರು, ಲದ್ದಿ ಬಿಡಿಸಿ ಏನು ತಿಂದಿವೆ ಅಂತ ನೋಡಿದ್ರು, ಅದ್ರ ಜೊತೆಗೇ ಸ್ಥಳೀಯರು ಇದನ್ನ ಹೇಗೆ ನೋಡ್ತಾರೆ ಅನ್ನೋದನ್ನೂ ಅಧ್ಯಯನದ ಭಾಗ ಮಾಡಿಕೊಂಡ್ರು.

ಬಂದ ಫಲಿತಾಂಶ ಕುತೂಹಲದ್ದು. ಹತ್ತು ವರ್ಷದಲ್ಲಿ ಸಂಘರ್ಷ ಏರಿತ್ತು, ಬರೋ ಕಾಲವೂ ಬದಲಾಗಿತ್ತು. ತೋಟದ ಭೌತಿಕ ಲಕ್ಷಣಕ್ಕೂ ಆನೆ ಭೇಟಿಗೂ ಸಂಬಂಧ ಸಿಗಲಿಲ್ಲ, ಅಂದ್ರೆ ಆನೆ ಇಂಥ ತೋಟವೇ ಬೇಕು ಅಂತ ಆರಿಸಿ ಬರ್ತಿಲ್ಲ, ಪೂರ್ವದ ಕಾಡಿಂದ ಪಶ್ಚಿಮದ ಕಾಡಿಗೆ ಹೋಗೋ ದಾರಿಯಲ್ಲಿ ಸಿಕ್ಕಿದ್ದನ್ನ ತಿಂದು ಹೋಗ್ತಿವೆ ಅನ್ನೋ ಸೂಚನೆ. ಮತ್ತೆ ಲದ್ದಿಯಲ್ಲಿ ಹಣ್ಣಾದ ಕಾಫಿ ಸಿಕ್ತು, ಕಾಯಿ ಬಿಟ್ಟು ಹಣ್ಣನ್ನೇ ಆರಿಸಿ ತಿಂತಿವೆ ಅಂತ ಆಯ್ತು. ಕಾಡಾನೆ ಕಾಫಿ ಹಣ್ಣು ತಿನ್ನೋದು ದಾಖಲಾಗಿದ್ದು ತಮಗೆ ತಿಳಿದ ಮಟ್ಟಿಗೆ ಇದೇ ಮೊದಲು ಅಂತ ಬರೆದಿದ್ದಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆನೆ ಕಾಫಿ ತಿನ್ನುತ್ತೆ ಅಂತ ಒಬ್ಬ ಬೆಳೆಗಾರ ಹೇಳಿದ್ರೆ ಅದು ದೂರು. ಲದ್ದಿಯಲ್ಲಿ ಬೀಜ ಸಿಕ್ರೆ ಅದು ಪುರಾವೆ. ಆದ್ರೆ ಲದ್ದಿಯಲ್ಲಿ ಕಾಫಿ ಹುಡುಕಬೇಕು ಅಂತ ಹೊರಗಿಂದ ಬಂದವರಿಗೆ ಹೊಳೆಯೋದು ಊರವರ ಬಾಯಲ್ಲಿ ಮಾತು ಕೇಳಿದ್ರೆ ತಾನೆ? ಸಾಮಾನ್ಯವಾಗಿ ಕ್ರಮವೂ ಅದೇ: ಮೊದ್ಲು ಮಾತಾಡಿಸಿ ಪ್ರಶ್ನೆ ಹುಡ್ಕೋದು, ಆಮೇಲೆ ಎಣಿಸೋದು, ಎಣಿಸಿದ್ರಲ್ಲಿ ಅರ್ಥ ಆಗದ್ದು ಬಂದ್ರೆ ಮತ್ತೆ ಹೋಗಿ ಮಾತಾಡಿಸೋದು.

ತಪ್ಪು ಓದಿದ್ರೆ ಏನಾಗುತ್ತೆ

ರಾಜ್ಯದ ಸಂಖ್ಯೆ ಸ್ವಲ್ಪ ಇಳೀತು ಅಂತ ಓದಿ ಕೊಡಗಲ್ಲಿ ಸಮಸ್ಯೆ ತಣ್ಣಗಾಗ್ತಿದೆ ಅಂದ್ಕೊಂಡ್ರೆ ಮೊದಲ ಪೆಟ್ಟು ಬೀಳೋದು ದುಡ್ಡಿಗೆ. ರೈಲ್ವೆ ಕಂಬಿ ಬೇಲಿ ಕಿಲೋಮೀಟರಿಗೆ ಕೋಟಿ ಲೆಕ್ಕದ ಕೆಲಸ, ಎಲ್ಲಿ ಹಾಕಬೇಕು ಎಷ್ಟು ಹಾಕಬೇಕು ಅಂತ ತೀರ್ಮಾನ ಆಗೋದು ಇಂಥ ವರದಿ ಮುಂದಿಟ್ಟುಕೊಂಡೇ. ಎಲ್ಲಿ ಅರ್ಜಿ ಜಾಸ್ತಿಯೋ ಅಲ್ಲಿ ಬೇಲಿ ಅಂತ ಹೋದ್ರೆ ದಾಖಲೆ ಸರಿ ಇರೋ ದೊಡ್ಡ ತೋಟಗಳ ಕಡೆಗೆ ಬೇಲಿ ವಾಲುತ್ತೆ. ಆನೆ ದಾಟಿ ಹೋಗೋ ದಾರಿ ಅನ್ನೋದು ನಿಜ ಆಗಿದ್ರೆ ಒಂದು ಕಡೆ ಮುಚ್ಚಿದಾಗ ಅದು ಪಕ್ಕದ ಗ್ರಾಮದಲ್ಲಿ ನುಗ್ಗುತ್ತೆ, ಆ ವರ್ಷ ಮುಚ್ಚಿದ ಕಡೆ ಅರ್ಜಿ ಇಳಿದು ಯೋಜನೆ ಯಶಸ್ವಿ ಅಂತ ಬರೆದಿರ್ತಾರೆ, ಪಕ್ಕದವರ ಕಥೆ ಬೇರೆ ಫೈಲಲ್ಲಿ ಇರುತ್ತೆ.

ಬೇಲಿ ಎಲ್ಲಿ ಹಾಕಬೇಕು ಅನ್ನೋದಕ್ಕೆ ಮ್ಯಾಪ್ ಸಾಕು ಅಂತ ಇಟ್ಕೊಂಡ್ರೂ ಬೇಲಿ ಯಾಕೆ ಉಳಿಯಲ್ಲ ಅನ್ನೋದಕ್ಕೆ ಮ್ಯಾಪ್ ಉತ್ತರ ಕೊಡಲ್ಲ. ಆನೆ ಕಂದಕ ನಮ್ಮ ಮಳೆಗೆ ಎರಡು ವರ್ಷಕ್ಕೆ ಮಣ್ಣು ಜರಿದು ತುಂಬುತ್ತೆ, ತೋಡು (ಸಣ್ಣ ಹಳ್ಳ) ಹರಿಯೋ ಜಾಗದಲ್ಲಿ ಕಂದಕ ತೆಗೆಯೋಕೆ ಆಗಲ್ಲ ಅಲ್ಲಿಂದಲೇ ಆನೆ ಇಳಿಯುತ್ತೆ, ಸೋಲಾರ್ ಬೇಲಿಗೆ ಬಳ್ಳಿ ಹಬ್ಬಿದ್ರೆ ಕರೆಂಟ್ ಹೋಗುತ್ತೆ, ಬಳ್ಳಿ ಕಡಿಯೋದು ಇಲಾಖೆ ಕೆಲಸವಾ ತೋಟದವರದ್ದಾ ಅಂತ ಯಾರೂ ಹೇಳಲ್ಲ. ಇವೆಲ್ಲಾ ವಾಚರ್‌ಗಳಿಗೆ, ತೋಟದ ರೈಟರ್‌ಗಳಿಗೆ ಬಾಯಿಪಾಠ. ಕೇಳಿ ಬರೆದುಕೊಳ್ಳೋದು ಯಾರ ಕೆಲಸ ಅಂತ ಯೋಜನೆಯಲ್ಲಿ ಇರಲ್ಲ ಅಷ್ಟೆ.

ಉಲ್ಟಾ ಕಡೆಯ ಪರಿಣಾಮವೂ ಸಣ್ಣದಲ್ಲ. ಸಂಖ್ಯೆಯೆಲ್ಲಾ ಸುಳ್ಳು ಅಂತ ತೀರ್ಮಾನ ಮಾಡಿದ ಊರು ಮುಂದಿನ ಗಣತಿಗೆ ತೋಟದೊಳಗೆ ಬಿಡಲ್ಲ, ಬಿಡದಿದ್ರೆ ತೋಟದಲ್ಲಿರೋ ಆನೆ ಲೆಕ್ಕಕ್ಕೆ ಬರಲ್ಲ, ಆಗ ಸಂಖ್ಯೆ ನಿಜವಾಗ್ಲೂ ತಪ್ಪಾಗುತ್ತೆ. ಬರೀ ಮಾತಿನ ಮೇಲೆ ಹೋದ್ರೆ ಯಾರ ಗಂಟಲು ದೊಡ್ಡದೋ ಅವರ ಊರಿನ ಆನೆ ಮೊದ್ಲು ಹಿಡೀತಾರೆ, ಹಿಡಿದದ್ದು ತೊಂದರೆ ಕೊಟ್ಟ ಆನೆಯೇನಾ ಅಂತ ಹೇಳೋಕೆ ಆನೆ ಕತ್ತಿಗೆ ಕಟ್ಟಿದ ರೇಡಿಯೋ ಕಾಲರ್ ಡೇಟಾನೋ ಫೋಟೋ ದಾಖಲೆನೋ ಬೇಕಲ್ಲ.

ಈಗಲೇ ಕೈಯಲ್ಲಿರೋ ಒಂದು ಸಾಮಗ್ರಿ ಇದೆ, ಎರಡೂ ಥರ ಓದಬಹುದಾದದ್ದು. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯಿಂದ, ಊರಿನ ಗ್ರೂಪ್‌ಗಳಿಂದ ದಿನಾ ಬರೋ ಎಚ್ಚರಿಕೆ ಮೆಸೇಜ್‌ಗಳು. ಯಾವ ತೋಟ, ಎಷ್ಟೊತ್ತಿಗೆ, ಎಷ್ಟು ಆನೆ, ಮರಿ ಇದ್ಯಾ, ಯಾವ ಕಡೆ ಹೋದ್ವು. ಜಾಗ ಮತ್ತು ಸಮಯ ತೆಗೆದು ತಿಂಗಳುವಾರು ಜೋಡಿಸಿದ್ರೆ ಅದು ಪರಿಮಾಣಾತ್ಮಕ ಡೇಟಾ. ಮೆಸೇಜ್ ಕೆಳಗೆ ಜನ ಹಾಕೋ ಮಾತು ಓದಿದ್ರೆ, ಇವತ್ತು ಸ್ಕೂಲ್ ವ್ಯಾನ್ ಬರಲ್ವಂತೆ, ಕಣದಲ್ಲಿ ಹರಡಿದ ಕಾಫಿ ಎತ್ತಿಡಿ, ಆ ರೋಡಲ್ಲಿ ಬೈಕ್ ಬೇಡ ಅಣ್ಣ, ಅದು ಗುಣಾತ್ಮಕ ಡೇಟಾ. ಒಪ್ಪಿಗೆ ಪಡೆದು, ಹೆಸರು ನಂಬರ್ ತೆಗೆದು, ಎರಡು ಮಳೆಗಾಲದ ಮೆಸೇಜ್ ಪಕ್ಕಪಕ್ಕ ಇಟ್ಟು ಓದೋ ಕೆಲಸಕ್ಕೆ ದೊಡ್ಡ ಬಜೆಟ್ ಬೇಡ, ಪೊನ್ನಂಪೇಟೆಯಲ್ಲೇ ಅರಣ್ಯ ಕಾಲೇಜು ಇದೆ, ಎಂ.ಎಸ್ಸಿ ಪ್ರಾಜೆಕ್ಟಿಗೆ ವಿಷಯ ಹುಡುಕೋ ಹುಡುಗರು ಪ್ರತೀ ವರ್ಷ ಇರ್ತಾರೆ.